ಎಲ್ಲ ಪ್ರೋಗ್ರಾಮ್‌ಗೂ ಒಂದೇ ಗ್ರಾಫಿಕ್ಸ್ ಸೆಟ್ಟಿಂಗ್ ಏಕೆ ಹೊಂದುವುದಿಲ್ಲ?

ಪ್ರಶ್ನೆ: ತುಮಕೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆಯ ಫೋಟೋ, ವಿಡಿಯೋ, ಜೊತೆಗೆ ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ಡಿಸೈನ್ ಮಾಡುತ್ತೇವೆ. ಹೋದ ವರ್ಷ ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿಯ ಎನ್ವಿಡಿಯಾ ಆರ್‌ಟಿಎಕ್ಸ್ 3050 ಇರುವ ಲ್ಯಾಪ್‌ಟಾಪ್ ಕೊಂಡೆ. ವಿಂಡೋಸ್ 11 ಇದೆ. ಕ್ರೋಮ್‌ನಲ್ಲಿ ಯೂಟ್ಯೂಬ್ ಹಾಕಿದರೆ ಪರದೆ ಮಿಣುಕುತ್ತದೆ, ಕಪ್ಪು ಚೌಕಗಳು ಬಂದು ಹೋಗುತ್ತವೆ. ಪ್ರೀಮಿಯರ್‌ನಲ್ಲಿ ಹೊಸ ಕ್ಯಾಮೆರಾದ 4ಕೆ ದೃಶ್ಯಗಳು ತಡವರಿಸುತ್ತವೆ. ನನ್ನ ತಮ್ಮ ತನ್ನ ಫೋಟೋಶಾಪ್ ಪಾಠಗಳನ್ನು ಓಬಿಎಸ್ ಎಂಬ ಪರದೆ ಹಿಡಿಯುವ ಪ್ರೋಗ್ರಾಮ್‌ನಲ್ಲಿ ರೆಕಾರ್ಡ್ ಮಾಡಲು ಹೋದರೆ ಬರೀ ಕಪ್ಪು ಪರದೆ. ವರ್ಡ್‌ನಲ್ಲಿ ಕನ್ನಡ ಅಕ್ಷರಗಳು ಆಗಾಗ ಮಾಯವಾಗುತ್ತವೆ. ಕಂಪ್ಯೂಟರ್ ಅಂಗಡಿಯವರು ‘ಎಲ್ಲವನ್ನೂ ಹೈ ಪರ್ಫಾರ್ಮೆನ್ಸ್‌ಗೆ ಹಾಕಿ’ ಎಂದರು. ಗೆಳೆಯರೊಬ್ಬರು ‘ಹಾರ್ಡ್‌ವೇರ್ ಆಕ್ಸಿಲರೇಶನ್ ಎಲ್ಲ ಕಡೆ ಆಫ್ ಮಾಡಿ, ಇಂಟೆಲ್ ಗ್ರಾಫಿಕ್ಸನ್ನು ಡಿವೈಸ್ ಮ್ಯಾನೇಜರ್‌ನಲ್ಲೇ ಡಿಸೇಬಲ್ ಮಾಡಿಬಿಡಿ’ ಎಂದರು. ಯಾರ ಮಾತು ಕೇಳಲಿ ಸರ್?

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ಮೊದಲನೆಯವರ ಮಾತು ಕೇಳಿದರೆ ಪ್ರೀಮಿಯರ್ ಈಗಿನದಕ್ಕಿಂತ ನಿಧಾನವಾಗುವ ಸಾಧ್ಯತೆಯಿದೆ. ಎರಡನೆಯವರ ಮಾತು ಕೇಳಿದರೆ ಲ್ಯಾಪ್‌ಟಾಪ್ ಹತ್ತು ವರ್ಷ ಹಳೆಯದಾದಂತೆ ಆಡುತ್ತದೆ.

ಗೆಳೆಯರ ಸಲಹೆ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಡಿಸ್ಪ್ಲೇ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್ ಒತ್ತಿ, ಟ್ರಬಲ್‌ಶೂಟ್ ಎಂಬ ಹಾಳೆಗೆ ಹೋದರೆ ಅಲ್ಲೊಂದು ಸ್ಲೈಡರ್ ಇರುತ್ತಿತ್ತು. ಎಡತುದಿಯಲ್ಲಿ ‘ನನ್’, ಬಲತುದಿಯಲ್ಲಿ ‘ಫುಲ್’. ಪೇಜ್‌ಮೇಕರ್‌ನಲ್ಲಿ ಗೆರೆ ಹರಡಿದರೂ ಮೌಸ್ ಬಾಣ ಮಾಯವಾದರೂ ನಾವೆಲ್ಲ ಆ ಸ್ಲೈಡರನ್ನು ಒಂದೆರಡು ಹೆಜ್ಜೆ ಎಡಕ್ಕೆ ಎಳೆದು ಕೈತೊಳೆದುಕೊಳ್ಳುತ್ತಿದ್ದೆವು. ಇಡೀ ಯಂತ್ರಕ್ಕೆ ಇದ್ದದ್ದು ಅದೊಂದೇ. ಈಗ ಹಾಗಿಲ್ಲ. 2018ರ ಏಪ್ರಿಲ್ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಪ್ರೋಗ್ರಾಮ್‌ಗೊಂದರಂತೆ ಗ್ರಾಫಿಕ್ಸ್ ಆಯ್ಕೆ ಬಂತು, ವಿಂಡೋಸ್ 11ರಲ್ಲೂ ಮುಂದುವರಿದಿದೆ. ಯಂತ್ರ ಬದಲಾಯಿತು, ಸಲಹೆ ಮಾತ್ರ ಹಳೆಯದೇ ಉಳಿಯಿತು.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿವೆ. ಪ್ರೊಸೆಸರ್‌ನ ಒಳಗೇ ಇರುವ ಇಂಟೆಲ್ ಒಂದು, ಬೇರೆಯಾಗಿ ಕೂರಿಸಿರುವ ಎನ್ವಿಡಿಯಾ ಇನ್ನೊಂದು. ಇಂಟೆಲ್ ಎಂದರೆ ಮನೆಯ ಗ್ಯಾಸ್ ಒಲೆ, ಎನ್ವಿಡಿಯಾ ಎಂದರೆ ಮದುವೆ ಅಡುಗೆಗೆ ತರಿಸುವ ದೊಡ್ಡ ಒಲೆ. ಒಂದು ಲೋಟ ಕಾಫಿಗೆ ಯಾರೂ ದೊಡ್ಡ ಒಲೆ ಹಚ್ಚುವುದಿಲ್ಲ. ಆದರೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಅಲ್ಲೇ. ಇಂಥ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ತಂತಿ ಹೋಗಿರುವುದು ಇಂಟೆಲ್ ಚಿಪ್‌ಗೆ. ಎನ್ವಿಡಿಯಾ ಚಿತ್ರ ಸಿದ್ಧಪಡಿಸಿದರೂ ಅದನ್ನು ಇಂಟೆಲ್‌ನ ನೆನಪಿಗೆ ನಕಲು ಮಾಡಬೇಕು, ಅಲ್ಲಿಂದ ಮುಂದೆ ಪರದೆಗೆ ಹೋಗಬೇಕು. ದೊಡ್ಡ ಒಲೆಯ ಮೇಲೆ ಬೆಂದ ಸಾರೂ ಪಂಕ್ತಿಗೆ ಬರಬೇಕಾದರೆ ಮನೆಯ ಅಡುಗೆಮನೆಯ ಬಾಗಿಲಿನಿಂದಲೇ ಬರಬೇಕು. ಎನ್ವಿಡಿಯಾ ಕಂಪನಿ ಈ ಏರ್ಪಾಡನ್ನು ಆಪ್ಟಿಮಸ್ ಎಂಬ ಹೆಸರಿನಲ್ಲಿ 2010ರಲ್ಲಿ ತಂದಿತು.

ಆದ್ದರಿಂದಲೇ ಇಂಟೆಲ್ ಚಿಪ್ಪನ್ನು ಡಿಸೇಬಲ್ ಮಾಡಬಾರದು. ಒಂದು ಮುದ್ರಣಾಲಯದಲ್ಲಿ ಯಾರೋ ಉತ್ಸಾಹಿಗಳು ಇದನ್ನೇ ಮಾಡಿಟ್ಟಿದ್ದರು. ನಾನು ಹೋಗಿ ನೋಡಿದಾಗ ಪರದೆಯ ಬೆಳಕು ಪೂರ್ತಿ ಏರಿ ನಿಂತಿತ್ತು, ಕಡಿಮೆ ಮಾಡುವ ಕೀಲಿ ಕೆಲಸ ಮಾಡುತ್ತಿರಲಿಲ್ಲ, ಕಿಟಕಿಯನ್ನು ಮೌಸ್‌ನಲ್ಲಿ ಎಳೆದರೆ ಅದು ತೆವಳಿಕೊಂಡು ಬರುತ್ತಿತ್ತು. ಮಾಲೀಕರು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಳಾಗಿದೆ ಎಂದು ತಿಳಿದು ವಾರಂಟಿ ಕಾಗದ ಹುಡುಕುತ್ತಿದ್ದರು. ಕಾರ್ಡ್‌ಗೆ ಏನೂ ಆಗಿರಲಿಲ್ಲ. ಬಾಗಿಲು ಮುಚ್ಚಿದ್ದರಿಂದ ವಿಂಡೋಸ್ ತನ್ನ ಬಳಿಯಿರುವ ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಎಂಬ ತಾತ್ಕಾಲಿಕ ಡ್ರೈವರ್‌ನಲ್ಲಿ ಕುಂಟುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಇಂಟೆಲನ್ನು ಮತ್ತೆ ಎನೇಬಲ್ ಮಾಡಿದೆ. ಎರಡು ನಿಮಿಷದ ಕೆಲಸ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ಗ್ರಾಫಿಕ್ಸ್ ವೇಗವರ್ಧನೆ (ಹಾರ್ಡ್‌ವೇರ್ ಆಕ್ಸಿಲರೇಶನ್) ಎಂದು ನಾವು ಒಟ್ಟಾಗಿ ಕರೆಯುವುದರ ಒಳಗೆ ಮೂರು ಬೇರೆ ಬೇರೆ ತಿರುಪುಗಳಿವೆ. ಪ್ರೋಗ್ರಾಮ್ ಯಾವ ಚಿಪ್‌ನಲ್ಲಿ ಓಡಬೇಕು ಎಂಬುದು ಒಂದು, ಅದು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿದೆ. ಆ ಪ್ರೋಗ್ರಾಮ್ ಗ್ರಾಫಿಕ್ಸ್ ಚಿಪ್ಪನ್ನು ಬಳಸಬೇಕೇ ಬೇಡವೇ ಎಂಬುದು ಇನ್ನೊಂದು, ಅದು ಆಯಾ ಪ್ರೋಗ್ರಾಮ್‌ನ ಆಯ್ಕೆಗಳ ಒಳಗಿದೆ. ವಿಡಿಯೋ ಕಡತವನ್ನು ಬಿಚ್ಚುವುದು (ಡಿಕೋಡ್) ಮತ್ತು ಕಟ್ಟುವುದು (ಎನ್‌ಕೋಡ್) ಯಾರ ಕೆಲಸ ಎಂಬುದು ಮೂರನೆಯದು. ಎರಡೂ ಚಿಪ್‌ಗಳಲ್ಲಿ ಅದಕ್ಕೆಂದೇ ಬೇರೆ ಸರ್ಕ್ಯೂಟ್ ಇದೆ, ಮಾಮೂಲಿ ಚಿತ್ರ ಬಿಡಿಸುವ ಭಾಗಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ನಾಲ್ಕು ತೊಂದರೆಗಳು ಈ ಮೂರರಲ್ಲಿ ಚದುರಿ ಕುಳಿತಿವೆ. ಒಂದೇ ತಿರುಪು ತಿರುಗಿಸಿ ನಾಲ್ಕನ್ನೂ ಸರಿಪಡಿಸಲು ಹೊರಟದ್ದೇ ನಿಮಗೆ ಸಲಹೆ ಕೊಟ್ಟವರ ತಪ್ಪು.

ಏನನ್ನಾದರೂ ಮುಟ್ಟುವ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು 0, ಜಿಪಿಯು 1 ಎಂದು ಎರಡು ಕಾಣುತ್ತವೆ. ಜಿಪಿಯು ಎಂದರೆ ಗ್ರಾಫಿಕ್ಸ್ ಚಿಪ್. ಸಾಮಾನ್ಯವಾಗಿ ಸೊನ್ನೆಯದು ಇಂಟೆಲ್, ಒಂದರದು ಎನ್ವಿಡಿಯಾ, ಹೆಸರು ಪಕ್ಕದಲ್ಲೇ ಇರುತ್ತದೆ. ಪ್ರತಿಯೊಂದನ್ನು ಒತ್ತಿದಾಗ ನಾಲ್ಕು ಸಣ್ಣ ಗ್ರಾಫ್‌ಗಳು ಬರುತ್ತವೆ: 3ಡಿ, ಕಾಪಿ, ವಿಡಿಯೋ ಡಿಕೋಡ್, ವಿಡಿಯೋ ಎನ್‌ಕೋಡ್ ಅಥವಾ ಪ್ರೊಸೆಸಿಂಗ್. ಕೆಳಗೆ ಡೆಡಿಕೇಟೆಡ್ ಜಿಪಿಯು ಮೆಮೊರಿ ಎಂಬ ಅಂಕಿಯಿದೆ. ನಿಮ್ಮ ಎನ್ವಿಡಿಯಾದಲ್ಲಿ ಅದು 4 ಜಿಬಿ. ಮುಂದೆ ಹೇಳುವ ಪ್ರತಿಯೊಂದು ಬದಲಾವಣೆಯ ನಂತರ ಇಲ್ಲಿಗೆ ಬಂದು ನೋಡಿ. ಪ್ರೊಸೆಸಸ್ ಪುಟದಲ್ಲಿ ಅಂಕಣಗಳ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಜಿಪಿಯು ಎಂಜಿನ್’ ಅಂಕಣವನ್ನು ಸೇರಿಸಿಕೊಂಡರೆ ಯಾವ ಪ್ರೋಗ್ರಾಮ್ ಯಾವ ಚಿಪ್‌ನಲ್ಲಿದೆ ಎಂಬುದು ಹೆಸರು ಸಮೇತ ಸಿಗುತ್ತದೆ.

ಆ 4 ಜಿಬಿ ಎಂಬ ಅಂಕಿಯ ಬಗ್ಗೆ ಎರಡು ಮಾತು. ‘ಎಲ್ಲವೂ ಹೈ ಪರ್ಫಾರ್ಮೆನ್ಸ್’ ಎಂಬ ಸಲಹೆ ಸೋಲುವುದು ಇಲ್ಲಿ. ಕ್ರೋಮ್, ವರ್ಡ್, ವಾಟ್ಸ್‌ಆ್ಯಪ್, ಫೋಟೋಶಾಪ್, ಪ್ರೀಮಿಯರ್ ಎಲ್ಲವನ್ನೂ ಎನ್ವಿಡಿಯಾ ಮೇಲೆ ಹೇರಿದರೆ ಎಲ್ಲವೂ ಆ 4 ಜಿಬಿಯಲ್ಲೇ ಜಾಗ ಹಂಚಿಕೊಳ್ಳಬೇಕು. ಇಪ್ಪತ್ತು ಟ್ಯಾಬ್ ತೆರೆದಿರುವ ಕ್ರೋಮ್ ಅದರಲ್ಲಿ ಒಂದು ಪಾಲು ತಿನ್ನುತ್ತದೆ, ದೊಡ್ಡ ಆಲ್ಬಮ್ ಹಾಳೆ ತೆರೆದ ಫೋಟೋಶಾಪ್ ಇನ್ನೊಂದು ಪಾಲು. ಪ್ರೀಮಿಯರ್ 4ಕೆ ಎಕ್ಸ್‌ಪೋರ್ಟ್ ಶುರು ಮಾಡುವ ಹೊತ್ತಿಗೆ ಮಿಕ್ಕದ್ದು ಸಾಲದೆ ಲ್ಯಾಪ್‌ಟಾಪ್‌ನ ಮಾಮೂಲಿ ರ‍್ಯಾಮ್‌ನಿಂದ ಎರವಲು ಪಡೆಯಬೇಕಾಗುತ್ತದೆ. ಅದು ಎಷ್ಟೋ ಪಟ್ಟು ನಿಧಾನ. ಜೊತೆಗೆ, ಯಾವುದಾದರೂ ಒಂದು ಪ್ರೋಗ್ರಾಮ್ ಹಿಡಿದುಕೊಂಡಿರುವವರೆಗೆ ಎನ್ವಿಡಿಯಾ ಮಲಗುವುದಿಲ್ಲ. ಬರೀ ಮೇಲ್ ಓದುವಾಗಲೂ ಫ್ಯಾನ್ ಸುಯ್ಯೆನ್ನುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಹಾಗಾದರೆ ಎಲ್ಲಿ ಹಾಕುವುದು? ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಗ್ರಾಫಿಕ್ಸ್. ಅಲ್ಲಿ ಪ್ರೋಗ್ರಾಮ್‌ಗಳ ಪಟ್ಟಿ ಇದೆ. ಬೇಕಾದದ್ದು ಇಲ್ಲದಿದ್ದರೆ ಬ್ರೌಸ್ ಮಾಡಿ ಸೇರಿಸಬೇಕು. ಪ್ರೋಗ್ರಾಮನ್ನು ಒತ್ತಿ ಆಪ್ಷನ್ಸ್‌ಗೆ ಹೋದರೆ ‘ಲೆಟ್ ವಿಂಡೋಸ್ ಡಿಸೈಡ್’, ‘ಪವರ್ ಸೇವಿಂಗ್’, ‘ಹೈ ಪರ್ಫಾರ್ಮೆನ್ಸ್’ ಎಂಬವು ಕಾಣುತ್ತವೆ. ನಿಮ್ಮ ಯಂತ್ರದಲ್ಲಿ ಪವರ್ ಸೇವಿಂಗ್ ಎಂದರೆ ಇಂಟೆಲ್, ಹೈ ಪರ್ಫಾರ್ಮೆನ್ಸ್ ಎಂದರೆ ಎನ್ವಿಡಿಯಾ ಎಂದು ಓದಿಕೊಳ್ಳಿ. ಹೆಸರು ನೋಡಿ ಮೋಸ ಹೋಗಬೇಡಿ, ‘ಪವರ್ ಸೇವಿಂಗ್’ಗೆ ಹಾಕಿದ ಮಾತ್ರಕ್ಕೆ ಪ್ರೋಗ್ರಾಮ್ ಸೊರಗುವುದಿಲ್ಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಪ್ರೋಗ್ರಾಮ್‌ವಾರು ಆಯ್ಕೆ ಇದೆ, ನಿಜ. ಆದರೆ ಈಗಿನ ವಿಂಡೋಸ್‌ನಲ್ಲಿ ಎರಡೂ ಕಡೆ ಬೇರೆ ಬೇರೆ ಹಾಕಿದರೆ ಗೆಲ್ಲುವುದು ವಿಂಡೋಸ್‌ನ ಮಾತು. ಅದಕ್ಕೇ ನಾನು ಆ ಪ್ಯಾನೆಲ್‌ಗೆ ಕೈ ಹಾಕುವುದನ್ನೇ ಬಿಟ್ಟಿದ್ದೇನೆ.

ಒಂದು ಎಚ್ಚರಿಕೆ. ವಿಂಡೋಸ್ ಈ ಆಯ್ಕೆಯನ್ನು ಪ್ರೋಗ್ರಾಮ್ ಕಡತದ ಪೂರ್ಣ ವಿಳಾಸದ ಜೊತೆ ನೆನಪಿಟ್ಟುಕೊಳ್ಳುತ್ತದೆ. ಪ್ರೀಮಿಯರ್ ಮುಂದಿನ ವರ್ಷದ ಆವೃತ್ತಿ ಹಾಕಿಕೊಂಡಾಗ ಅದು ಬೇರೆ ಫೋಲ್ಡರ್‌ನಲ್ಲಿ ಕೂರುತ್ತದೆ, ಹಳೆಯ ಆಯ್ಕೆ ಹಳೆಯ ಫೋಲ್ಡರ್‌ಗೇ ಅಂಟಿಕೊಂಡಿರುತ್ತದೆ. ‘ಅಪ್‌ಡೇಟ್ ಮಾಡಿದ ಮೇಲೆ ನಿಧಾನವಾಯಿತು’ ಎಂದು ನನಗೆ ಬರುವ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಬಂದು ನಿಲ್ಲುತ್ತವೆ.

ಮೊದಲು ಕ್ರೋಮ್. ಅದನ್ನು ಪವರ್ ಸೇವಿಂಗ್‌ಗೆ ಹಾಕಿ. ನಂತರ ಕ್ರೋಮನ್ನು ಪೂರ್ತಿ ಮುಚ್ಚಿ ತೆರೆಯಿರಿ. ಪೂರ್ತಿ ಎಂದರೆ ಗಡಿಯಾರದ ಪಕ್ಕದ ಸಣ್ಣ ಚಿತ್ರಗಳ ಸಾಲಿನಲ್ಲೂ ಅದು ಉಳಿದಿರಬಾರದು. ಕಿಟಕಿ ಮುಚ್ಚಿದರೂ ಹಿನ್ನೆಲೆಯಲ್ಲಿ ಓಡುತ್ತಿರುವುದು ಕ್ರೋಮ್‌ನ ಹಳೆಯ ಚಾಳಿ. ಮಿಣುಕು ನಿಲ್ಲದಿದ್ದರೆ ಇಂಟೆಲ್ ಡ್ರೈವರ್ ನೋಡಿ. ನಿಮ್ಮಂಥ ಸ್ಟುಡಿಯೋಗಳಲ್ಲಿ ಎನ್ವಿಡಿಯಾ ಡ್ರೈವರ್ ತಿಂಗಳಿಗೊಮ್ಮೆ ಹೊಸದಾಗುತ್ತದೆ, ಇಂಟೆಲ್ ಡ್ರೈವರ್ ಮಾತ್ರ ಲ್ಯಾಪ್‌ಟಾಪ್ ಪೆಟ್ಟಿಗೆಯಿಂದ ಹೊರಬಂದ ದಿನದ್ದೇ ಇರುತ್ತದೆ. ಪರದೆಯನ್ನು ನಡೆಸುವುದು ಇಂಟೆಲ್ ಎಂದ ಮೇಲೆ ಮಿಣುಕಿನ ಮೊದಲ ಅನುಮಾನ ಅದರ ಮೇಲೇ ಬರಬೇಕು. ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನಿಮ್ಮ ಮಾದರಿಗೆ ಕೊಟ್ಟಿರುವುದನ್ನು ಹಾಕಿ, ಸಾಲದಿದ್ದರೆ ಇಂಟೆಲ್ ತಾಣದ್ದನ್ನು ಹಾಕಿ.

ಇಷ್ಟಾದರೂ ಮಿಣುಕಿದರೆ ವಿಳಾಸಪಟ್ಟಿಯಲ್ಲಿ ಕ್ರೋಮ್://ಫ್ಲ್ಯಾಗ್ಸ್ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು, ಆ್ಯಂಗಲ್ ಗ್ರಾಫಿಕ್ಸ್ ಬ್ಯಾಕೆಂಡ್ ಎಂಬುದನ್ನು ಹುಡುಕಿ, ಡೀಫಾಲ್ಟ್ ಬದಲು ಓಪನ್‌ಜಿಎಲ್ ಆರಿಸಿ ನೋಡಿ. ವೇಗವರ್ಧನೆ ಉಳಿಯುತ್ತದೆ, ಚಿಪ್ ಜೊತೆ ಮಾತಾಡುವ ಭಾಷೆ ಮಾತ್ರ ಬದಲಾಗುತ್ತದೆ. ಕಪ್ಪು ಚೌಕಗಳು ಇದರಿಂದಲೇ ಹೋದದ್ದನ್ನು ಕಂಡಿದ್ದೇನೆ. ಸೆಟ್ಟಿಂಗ್ಸ್, ಸಿಸ್ಟಮ್ ಒಳಗಿನ ‘ಯೂಸ್ ಗ್ರಾಫಿಕ್ಸ್ ಆಕ್ಸಿಲರೇಶನ್ ವೆನ್ ಅವೈಲಬಲ್’ ಎಂಬುದನ್ನು ಆಫ್ ಮಾಡುವುದು ಕಟ್ಟಕಡೆಯ ಉಪಾಯ, ಅದೂ ಒಂದು ದಿನದ ಪರೀಕ್ಷೆಗೆ ಮಾತ್ರ. ಆಫ್ ಮಾಡಿದಾಗ ತೊಂದರೆ ಹೋದರೆ ತಪ್ಪು ಡ್ರೈವರ್‌ನದು ಎಂದು ಖಾತ್ರಿಯಾಗುತ್ತದೆ. ಹಾಗೆಯೇ ಬಿಟ್ಟರೆ 4ಕೆ ಯೂಟ್ಯೂಬ್‌ನ ಪ್ರತಿ ಫ್ರೇಮನ್ನೂ ಪ್ರೊಸೆಸರ್ ತಾನೇ ಬಿಚ್ಚಬೇಕಾಗುತ್ತದೆ. ಇಂಟೆಲ್‌ನ ವಿಡಿಯೋ ಸರ್ಕ್ಯೂಟ್ 11ನೇ ತಲೆಮಾರಿನಿಂದ ಎವಿ1 ಎಂಬ ಬಗೆಯ ವಿಡಿಯೋ ಕಡತವನ್ನೂ ಸಲೀಸಾಗಿ ಬಿಚ್ಚುತ್ತದೆ. ಇದ್ದೂ ಅದನ್ನು ಬಳಸದಿದ್ದರೆ ಹೇಗೆ? ಕ್ರೋಮ್://ಜಿಪಿಯು ಎಂಬ ಪುಟ ತೆರೆದರೆ ಏನೇನು ಚಿಪ್‌ನಲ್ಲಿ ನಡೆಯುತ್ತಿದೆ ಎಂಬ ಪಟ್ಟಿ ಸಿಗುತ್ತದೆ.

ಪ್ರೀಮಿಯರ್ ವಿಷಯಕ್ಕೆ ಹೆಚ್ಚು ಜಾಗ ಬೇಕು, ಏಕೆಂದರೆ ನಿಮ್ಮ ಹೊಟ್ಟೆಪಾಡು ಅದರಲ್ಲಿದೆ. ಹೊಸ ಕ್ಯಾಮೆರಾ ಬಂದ ಮೇಲೆಯೇ ತಡವರಿಕೆ ಶುರುವಾಯಿತು ಎಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ, ನಾನು ಹಿಡಿದುಕೊಳ್ಳುವುದು ಆ ಎಳೆಯನ್ನು. ಒಂದು ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಅಲ್ಲಿ ಸಾಲದಿದ್ದರೆ ಮೀಡಿಯಾಇನ್ಫೋ ಎಂಬ ಉಚಿತ ಪ್ರೋಗ್ರಾಮ್‌ನಲ್ಲಿ ತೆರೆಯಿರಿ. ನೀವು ಹುಡುಕಬೇಕಾದದ್ದು 4:2:0 ಎಂದಿದೆಯೋ 4:2:2 ಎಂದಿದೆಯೋ, 8 ಬಿಟ್ಟೋ 10 ಬಿಟ್ಟೋ, ಕಡತದ ಜಾತಿ ಎಚ್.264 ಹೌದೋ ಎಚ್‌ಇವಿಸಿಯೋ ಎಂಬುದನ್ನು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ 4:2:2, 10 ಬಿಟ್ ಆಯ್ಕೆ ಸಾಮಾನ್ಯ. ಬಣ್ಣದ ವಿವರ ಹೆಚ್ಚು ಉಳಿಯುತ್ತದೆ, ಧಾರೆಯ ಸಮಯದಲ್ಲಿ ಹಳದಿ ದೀಪದ ಕೆಳಗೆ ತೆಗೆದದ್ದನ್ನು ಆಮೇಲೆ ತಿದ್ದುವುದು ಸುಲಭ. ಆದ್ದರಿಂದ ಎಲ್ಲರೂ ಅದನ್ನೇ ಇಟ್ಟಿರುತ್ತಾರೆ.

ತಮಾಷೆಯೆಂದರೆ, 4:2:2 ಕಡತವನ್ನು ಬಿಚ್ಚುವ ಸರ್ಕ್ಯೂಟ್ ನಿಮ್ಮ ಆರ್‌ಟಿಎಕ್ಸ್ 3050ರಲ್ಲಿ ಇಲ್ಲ. ಎನ್ವಿಡಿಯಾ ಅದನ್ನು ತನ್ನ ಗ್ರಾಹಕ ಕಾರ್ಡ್‌ಗಳಲ್ಲಿ ತಂದದ್ದು 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ. ನೀವು ಕೀಳಾಗಿ ಕಾಣುತ್ತಿರುವ, ಗೆಳೆಯರು ಮುಚ್ಚಿಬಿಡಿ ಎಂದ ಆ ಇಂಟೆಲ್ ಚಿಪ್ ಇದೆಯಲ್ಲ, ಅದರ ಕ್ವಿಕ್ ಸಿಂಕ್ ಎಂಬ ಭಾಗಕ್ಕೆ 4:2:2, 10 ಬಿಟ್‌ನ ಎಚ್‌ಇವಿಸಿ ಚೆನ್ನಾಗಿಯೇ ಬರುತ್ತದೆ. ಅಂದರೆ ಪ್ರೀಮಿಯರ್‌ಗೆ ಎರಡೂ ಚಿಪ್‌ಗಳು ಬೇಕು. ಕಡತ ಬಿಚ್ಚುವುದು ಇಂಟೆಲ್, ಬಣ್ಣ ತಿದ್ದುವಿಕೆ ಮತ್ತು ಎಫೆಕ್ಟ್‌ಗಳ ಲೆಕ್ಕ ಮಾಡುವುದು ಎನ್ವಿಡಿಯಾ.

ಹೀಗೆ ಮಾಡಿ. ವಿಂಡೋಸ್ ಗ್ರಾಫಿಕ್ಸ್ ಪಟ್ಟಿಯಲ್ಲಿ ಪ್ರೀಮಿಯರನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕಿ. ಪ್ರೀಮಿಯರ್ ಒಳಗೆ ಫೈಲ್, ಪ್ರಾಜೆಕ್ಟ್ ಸೆಟ್ಟಿಂಗ್ಸ್, ಜನರಲ್‌ಗೆ ಹೋಗಿ ರೆಂಡರರ್ ಎಂಬಲ್ಲಿ ಮರ್ಕ್ಯುರಿ ಪ್ಲೇಬ್ಯಾಕ್ ಎಂಜಿನ್ ಜಿಪಿಯು ಆಕ್ಸಿಲರೇಶನ್, ಕೂಡಾ (CUDA, ಎನ್ವಿಡಿಯಾ ಚಿಪ್‌ನಲ್ಲಿ ಲೆಕ್ಕ ಮಾಡಿಸುವ ವ್ಯವಸ್ಥೆ) ಎಂದಿರುವುದನ್ನು ಆರಿಸಿ. ‘ಸಾಫ್ಟ್‌ವೇರ್ ಓನ್ಲಿ’ ಎಂದಿದ್ದರೆ ನಿಮ್ಮ ಕಾರ್ಡ್ ಇಷ್ಟು ದಿನ ಸುಮ್ಮನೆ ಕೂತಿತ್ತು ಎಂದರ್ಥ. ಆಮೇಲೆ ಎಡಿಟ್, ಪ್ರಿಫರೆನ್ಸಸ್, ಮೀಡಿಯಾ. ಅಲ್ಲಿ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಡಿಕೋಡಿಂಗ್ ಎಂಬುದರ ಕೆಳಗೆ ಇಂಟೆಲ್, ಎನ್ವಿಡಿಯಾ ಎಂದು ಬೇರೆ ಬೇರೆ ಗುರುತುಗಳಿರುತ್ತವೆ. ಇಂಟೆಲ್ ಮುಂದಿನ ಗುರುತು ಇರಲೇಬೇಕು. ಪ್ರೀಮಿಯರ್ ಮುಚ್ಚಿ ತೆರೆದು, ಟೈಮ್‌ಲೈನ್‌ನಲ್ಲಿ ಒಂದು ಕ್ಲಿಪ್ ಓಡಿಸುತ್ತಾ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 0ರ ವಿಡಿಯೋ ಡಿಕೋಡ್ ಗ್ರಾಫ್ ನೋಡಿ. ಸತ್ತಂತೆ ಮಲಗಿದ್ದ ಗೆರೆ ಎದ್ದು ನಿಂತಿದ್ದರೆ ಕೆಲಸವಾಯಿತು. ಗೆರೆ ಏಳದೆ ಸಿಪಿಯು (ಪ್ರೊಸೆಸರ್) ಮಾತ್ರ ತೊಂಬತ್ತು ಪ್ರತಿಶತ ದಾಟಿದ್ದರೆ ನಿಮ್ಮ ಕಡತ ಎಚ್.264 ಜಾತಿಯ 4:2:2 ಇರಬೇಕು. ಅದನ್ನು ನಿಮ್ಮ ಎರಡೂ ಚಿಪ್‌ಗಳು ಮುಟ್ಟುವುದಿಲ್ಲ. ಆಗ ಯಾವ ಸೆಟ್ಟಿಂಗ್ ತಿರುವಿದರೂ ಪ್ರಯೋಜನವಿಲ್ಲ. ಕ್ಯಾಮೆರಾದ ಮೆನುವಿನಲ್ಲೇ ಎಚ್‌ಇವಿಸಿಗೆ ಬದಲಾಯಿಸಿ, ಈಗಾಗಲೇ ತೆಗೆದಿರುವುದಕ್ಕೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆಂದೇ ಹಗುರವಾದ ನಕಲು, ಮಾಡಿಕೊಳ್ಳಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು 1 ಬರೀ ಹತ್ತೋ ಹದಿನೈದೋ ಪ್ರತಿಶತ ತೋರಿಸಿದರೆ ಗಾಬರಿಯಾಗಬೇಡಿ. ಅಲ್ಲಿ ಕಾಣುವುದು 3ಡಿ ಲೆಕ್ಕ, ಪ್ರೀಮಿಯರ್ ಮಾಡುವುದು CUDA ಲೆಕ್ಕ. ಗ್ರಾಫ್‌ನ ತಲೆಯ ಮೇಲಿನ ಬಾಣ ಒತ್ತಿ CUDA ಆರಿಸಿದರೆ ನಿಜ ಗೊತ್ತಾಗುತ್ತದೆ, ಕೆಲವು ಯಂತ್ರಗಳಲ್ಲಿ ಆ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಪರ್ಫಾರ್ಮೆನ್ಸ್ ಎಂಬಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಇಟ್ಟುಕೊಳ್ಳಿ. ಬಿಟ್‌ರೇಟ್ ತೀರಾ ಕಡಿಮೆ ಇಟ್ಟಾಗ ಸಾಫ್ಟ್‌ವೇರ್ ಎನ್‌ಕೋಡಿಂಗ್‌ನ ಗುಣಮಟ್ಟ ಒಂದು ತೂಕ ಹೆಚ್ಚು, ಒಪ್ಪುತ್ತೇನೆ. ಪೆನ್‌ಡ್ರೈವ್‌ನಲ್ಲಿ ಕೊಡುವ ಮದುವೆ ವಿಡಿಯೋಗೆ ಬಿಟ್‌ರೇಟ್ ಧಾರಾಳವಾಗಿಯೇ ಇಡುತ್ತೀರಿ, ಅಲ್ಲಿ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ. ಎಕ್ಸ್‌ಪೋರ್ಟ್‌ಗೆ ಮುಂಚೆ ಫೋಟೋಶಾಪ್ ಮುಚ್ಚಿ, ಚಾರ್ಜರ್ ಸಿಕ್ಕಿಸಿ. ಬ್ಯಾಟರಿಯ ಮೇಲೆ ಎರಡೂ ಚಿಪ್‌ಗಳು ಅರೆಹೊಟ್ಟೆಯಲ್ಲಿ ದುಡಿಯುತ್ತವೆ.

ಫೋಟೋಶಾಪ್ ಸುಲಭ. ಅದು ಒಂದು ಸಲಕ್ಕೆ ಒಂದೇ ಚಿಪ್ ಬಳಸುತ್ತದೆ, ಹೈ ಪರ್ಫಾರ್ಮೆನ್ಸ್‌ಗೆ ಹಾಕಿ. ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್ ಒಳಗೆ ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಗುರುತು ಇದೆಯೇ, ಮೇಲೆ ಎನ್ವಿಡಿಯಾ ಹೆಸರು ಬಂದಿದೆಯೇ ನೋಡಿಕೊಳ್ಳಿ. ಹೆಲ್ಪ್ ಮೆನುವಿನ ಜಿಪಿಯು ಕಂಪ್ಯಾಟಿಬಿಲಿಟಿ ಒತ್ತಿದರೆ ಅದೇ ಪರೀಕ್ಷೆ ಮಾಡಿ ಹೇಳುತ್ತದೆ. ಕೋರೆಲ್‌ಡ್ರಾಗೆ ಯಾವ ಚಿಪ್ ಆದರೂ ನಡೆಯುತ್ತದೆ, ಲಗ್ನಪತ್ರಿಕೆಗೆ ಎನ್ವಿಡಿಯಾ ಬೇಕಿಲ್ಲ. ವಿಂಡೋಸ್ ತೀರ್ಮಾನಕ್ಕೇ ಬಿಡಿ. ಟ್ಯಾಲಿ, ವಾಟ್ಸ್‌ಆ್ಯಪ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ವರ್ಡ್‌ನಲ್ಲಿ ಮಾಯವಾಗುವ ಅಕ್ಷರಗಳ ವಿಷಯ ನಮ್ಮ ಭಾಷೆಗೇ ವಿಶೇಷವಾಗಿ ಅಂಟಿಕೊಂಡ ಗೊಂದಲ. ಕನ್ನಡ ಅಕ್ಷರಕ್ಕೆ ಕಂಪ್ಯೂಟರ್‌ನಲ್ಲಿ ಎರಡು ಬಗೆಯ ಕೇಡು ಬರುತ್ತದೆ, ಎರಡಕ್ಕೂ ಮದ್ದು ಬೇರೆ. ಯೂನಿಕೋಡ್‌ನಲ್ಲಿ ‘ಲಕ್ಷ್ಮಿ’ ಎಂದು ಟೈಪ್ ಮಾಡಿದಾಗ ಕ, ಷ, ಮ ಮತ್ತು ಅವನ್ನು ಜೋಡಿಸುವ ಎರಡು ಹಲಂತ ಚಿಹ್ನೆಗಳು ಸೇರಿ ಒತ್ತಕ್ಷರದ ಆಕಾರ ತಾಳಬೇಕು. ಆ ಜೋಡಣೆ ನಡೆಯುವುದು ಪ್ರೊಸೆಸರ್‌ನಲ್ಲಿ, ಫಾಂಟ್ ಒಳಗಿನ ನಿಯಮಗಳ ಪ್ರಕಾರ. ಜೋಡಣೆ ಮುಗಿದ ಮೇಲೆ ಆ ಆಕಾರವನ್ನು ಪರದೆಯ ಮೇಲೆ ಬಳಿಯುವ ಕೆಲಸ ಮಾತ್ರ ಗ್ರಾಫಿಕ್ಸ್ ಚಿಪ್‌ನದು. ಆದ್ದರಿಂದ ಒತ್ತು ಪಕ್ಕಕ್ಕೆ ಬಿದ್ದಿದ್ದರೆ, ‘ಸ್ತ್ರೀ’ ಎಂಬುದು ಮೂರು ತುಂಡಾಗಿದ್ದರೆ ಅದು ಫಾಂಟ್ ಅಥವಾ ಪ್ರೋಗ್ರಾಮ್‌ನ ತಪ್ಪು. ವೇಗವರ್ಧನೆ ಆಫ್ ಮಾಡಿ ನೂರು ಸಲ ರೀಸ್ಟಾರ್ಟ್ ಮಾಡಿದರೂ ಹೋಗದು. ಫೋಟೋಶಾಪ್‌ನಲ್ಲಿ ಹಾಗಾದರೆ ಟೈಪ್ ಪ್ರಿಫರೆನ್ಸಸ್‌ನಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ವರ್ಲ್ಡ್ ರೆಡಿ ಲೇಔಟ್ ಆರಿಸಬೇಕು, ಹಳೆಯ ಆವೃತ್ತಿಗಳಲ್ಲಿ ಅದಕ್ಕೆ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷಿಯನ್ ಎಂಬ ಹೆಸರಿತ್ತು.

ನಿಮ್ಮಲ್ಲಿ ಆಗುತ್ತಿರುವುದು ಇನ್ನೊಂದು ಬಗೆಯದು. ಅಕ್ಷರ ಸರಿಯಾಗಿಯೇ ಇದೆ, ಸಾಲಿನ ಮೇಲೆ ಮೌಸ್ ಎಳೆದರೆ ಅಥವಾ ಪುಟ ಸರಿಸಿದರೆ ಮರಳಿ ಕಾಣುತ್ತದೆ, ಅಲ್ಲವೇ? ಹಾಗಿದ್ದರೆ ಅದು ಬಳಿಯುವ ಹಂತದ ತೊಂದರೆ. ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶವನ್ನು ಬೈಯಬೇಡಿ, ಪಾಪ. ಅದು ನೀವು ಒತ್ತಿದ ಕೀಲಿಗೆ ತಕ್ಕ ಕನ್ನಡ ಅಕ್ಷರವನ್ನು ಕೊಡುತ್ತದೆ ಅಷ್ಟೆ, ಪರದೆಗೂ ಅದಕ್ಕೂ ಲೆಕ್ಕಾಚಾರವಿಲ್ಲ. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಡಿಸ್ಪ್ಲೇ ಎಂಬ ಭಾಗದವರೆಗೆ ಇಳಿದು ‘ಡಿಸೇಬಲ್ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಿಲರೇಶನ್’ ಎಂಬುದಕ್ಕೆ ಗುರುತು ಹಾಕಿ. ಹೌದು, ಇಲ್ಲಿ ಆಫ್ ಮಾಡಿ ಎಂದು ನಾನೇ ಹೇಳುತ್ತಿದ್ದೇನೆ. ವರ್ಡ್‌ನ ಮಟ್ಟಿಗೆ ನಷ್ಟವಿಲ್ಲ, ಪತ್ರ ಟೈಪ್ ಮಾಡಲು ಪ್ರೊಸೆಸರ್ ಧಾರಾಳ ಸಾಕು. ಆಫೀಸ್‌ನ ಕೆಲವು ಹೊಸ ಆವೃತ್ತಿಗಳಲ್ಲಿ ಈ ಆಯ್ಕೆ ಕಾಣುವುದಿಲ್ಲ. ಆಗ ವರ್ಡ್ ಅನ್ನು ವಿಂಡೋಸ್ ಪಟ್ಟಿಯಲ್ಲಿ ಪವರ್ ಸೇವಿಂಗ್‌ಗೆ ಹಾಕಿ ನೋಡಿ. ಹೊರಗಿನ ಮಾನಿಟರ್ ಜೋಡಿಸಿದಾಗ ಮಾತ್ರ ಹೀಗಾಗುತ್ತಿದ್ದರೆ ವರ್ಡ್ ಕಿಟಕಿಯ ಕೆಳಅಂಚಿನ ಡಿಸ್ಪ್ಲೇ ಸೆಟ್ಟಿಂಗ್ಸ್ ಒತ್ತಿ ‘ಆಪ್ಟಿಮೈಜ್ ಫಾರ್ ಕಂಪ್ಯಾಟಿಬಿಲಿಟಿ’ ಆರಿಸಿ.

ಗ್ರಾಫಿಕ್ಸ್ ಪುಟದಲ್ಲಿ ‘ಹಾರ್ಡ್‌ವೇರ್ ಆಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್’ ಎಂಬ ಇನ್ನೊಂದು ಗುಂಡಿಯೂ ಕಣ್ಣಿಗೆ ಬೀಳುತ್ತದೆ. 2020ರಲ್ಲಿ ಬಂದದ್ದು. ಅದು ಪ್ರೋಗ್ರಾಮ್‌ವಾರು ಅಲ್ಲ, ಇಡೀ ಯಂತ್ರಕ್ಕೆ ಅನ್ವಯಿಸುತ್ತದೆ. ಹೇಗಿದೆಯೋ ಹಾಗೆ ಬಿಡಿ.

ಕೆಲಸದ ನಡುವೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬಂದರೆ ಅದರ ಜಾಡು ಹಿಡಿಯುವುದು ಕಷ್ಟವಲ್ಲ. ಗ್ರಾಫಿಕ್ಸ್ ಚಿಪ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು ತಾನಾಗಿ ಮರುಚಾಲನೆ ಮಾಡುತ್ತದೆ. ಈವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ 4101 ಸಂಖ್ಯೆಯ ಸಾಲು ಹುಡುಕಿ. ಅದರಲ್ಲಿರುವ ಡ್ರೈವರ್ ಹೆಸರು ‘ಎನ್‌ವಿ’ಯಿಂದ ಶುರುವಾದರೆ ಬಿದ್ದದ್ದು ಎನ್ವಿಡಿಯಾ, ‘ಐಜಿ’ಯಿಂದ ಶುರುವಾದರೆ ಇಂಟೆಲ್. ಯಾವ ಡ್ರೈವರ್ ಬದಲಿಸಬೇಕು ಎಂದು ಊಹಿಸುತ್ತಾ ಕೂರಬೇಕಾಗಿಲ್ಲ. ಪರದೆ ಕಪ್ಪಾಗಿಯೇ ನಿಂತುಬಿಟ್ಟರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳ ಜೊತೆ ಬಿ ಒತ್ತಿ, ಡ್ರೈವರ್ ಮರುಚಾಲನೆಯಾಗುತ್ತದೆ. ಸೇವ್ ಮಾಡದ ಆಲ್ಬಮ್ ಉಳಿಸಿಕೊಳ್ಳಲು ಇದು ಎಷ್ಟೋ ಸಲ ನನಗೆ ನೆರವಾಗಿದೆ.

ಇನ್ನು ನಿಮ್ಮ ತಮ್ಮನ ಓಬಿಎಸ್. ಅಂಗಡಿಯವರ ಮಾತಿನಂತೆ ಅದನ್ನೂ ಹೈ ಪರ್ಫಾರ್ಮೆನ್ಸ್‌ಗೆ ಹಾಕಿದ್ದರೆ ಕಪ್ಪು ಪರದೆಗೆ ಕಾರಣ ಅದೇ. ಡಿಸ್ಪ್ಲೇ ಕ್ಯಾಪ್ಚರ್ ಎಂದರೆ ಪರದೆಗೆ ಹೋಗುತ್ತಿರುವ ಚಿತ್ರವನ್ನು ಬಾಗಿಲಲ್ಲೇ ನಿಂತು ನಕಲು ಮಾಡಿಕೊಳ್ಳುವುದು. ಬಾಗಿಲು ಇಂಟೆಲ್ ಬಳಿ ಇದೆ, ಓಬಿಎಸ್ ಎನ್ವಿಡಿಯಾ ಬಳಿ ಕೂತಿದೆ, ಅದಕ್ಕೆ ಏನೂ ಕಾಣುತ್ತಿಲ್ಲ. ಓಬಿಎಸ್ ಅನ್ನು ಪವರ್ ಸೇವಿಂಗ್‌ಗೆ ಹಾಕಿಸಿ, ಪೂರ್ತಿ ಮುಚ್ಚಿ ತೆರೆಯಲು ಹೇಳಿ. ಆಟಗಳನ್ನು ರೆಕಾರ್ಡ್ ಮಾಡುವವರಿಗೆ ಇದರ ತಿರುಗುಮುರುಗು, ಗೇಮ್ ಕ್ಯಾಪ್ಚರ್‌ಗೆ ಆಟ ಓಡುವ ಚಿಪ್‌ನಲ್ಲೇ ಓಬಿಎಸ್ ಓಡಬೇಕು. ಪರದೆಯ ಬದಲು ಫೋಟೋಶಾಪ್ ಕಿಟಕಿಯೊಂದನ್ನೇ ಹಿಡಿಯುವುದಾದರೆ ವಿಂಡೋ ಕ್ಯಾಪ್ಚರ್ ಸೇರಿಸಿ, ಕ್ಯಾಪ್ಚರ್ ಮೆಥಡ್ ಎಂಬಲ್ಲಿ ಬಿಟ್‌ಬ್ಲಿಟ್ ಬದಲು ವಿಂಡೋಸ್ 10 ಎಂದಿರುವುದನ್ನು ಆರಿಸಿದರೆ ಸಾಕು. ಎನ್‌ಕೋಡರ್ ಆಗಿ ಕ್ವಿಕ್ ಸಿಂಕ್ ಇಟ್ಟುಕೊಳ್ಳಲಿ, ಎನ್ವಿಡಿಯಾ ಪೂರ್ತಿಯಾಗಿ ಫೋಟೋಶಾಪ್‌ಗೆ ಉಳಿಯುತ್ತದೆ.

ಹೊರಗಿನ ಮಾನಿಟರ್ ರೆಕಾರ್ಡ್ ಮಾಡುವುದಾದರೆ ಒಂದು ಸಂಗತಿ ನೋಡಿಕೊಳ್ಳಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ನೇರವಾಗಿ ಎನ್ವಿಡಿಯಾಕ್ಕೆ ಹೋಗಿರುತ್ತದೆ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸಿಕ್ಸ್ (PhysX) ಎಂಬ ಹೆಸರಿರುವ ಪುಟ ತೆರೆದರೆ ಯಾವ ಪರದೆ ಯಾವ ಚಿಪ್‌ಗೆ ಸೇರಿದೆ ಎಂಬ ಚಿತ್ರ ಕಾಣುತ್ತದೆ. ಆ ಪ್ಯಾನೆಲ್‌ನಿಂದ ನಾನು ಇಂದಿಗೂ ಪಡೆಯುವ ಉಪಕಾರ ಇದೊಂದೇ. ಮಾನಿಟರ್ ಎನ್ವಿಡಿಯಾ ಕೆಳಗಿದ್ದರೆ ಅದನ್ನು ಹಿಡಿಯುವಾಗ ಮಾತ್ರ ಓಬಿಎಸ್ ಹೈ ಪರ್ಫಾರ್ಮೆನ್ಸ್‌ನಲ್ಲಿರಲಿ.

ಸರಿಯಾಯಿತೇ ಎಂದು ತಿಳಿಯಲು ರೆಕಾರ್ಡ್ ಮಾಡಿ ನೋಡಬೇಕಾಗಿಲ್ಲ. ಓಬಿಎಸ್ ತೆರೆದು ಡಿಸ್ಪ್ಲೇ ಕ್ಯಾಪ್ಚರ್ ಸೇರಿಸಿದ ಕೂಡಲೇ ಅದರ ಕಿಟಕಿಯೊಳಗೆ ಪರದೆ, ಆ ಪರದೆಯೊಳಗೆ ಮತ್ತೆ ಓಬಿಎಸ್, ಅದರೊಳಗೆ ಇನ್ನೊಂದು ಪರದೆ, ಹೀಗೆ ಸೆಲೂನಿನ ಎದುರುಬದುರು ಕನ್ನಡಿಗಳಲ್ಲಿ ಕಾಣುವಂತೆ ಚಿಕ್ಕದಾಗುತ್ತಾ ಒಳಗೊಳಗೆ ಹೋಗುವ ಸಾಲು ಕಾಣಿಸಬೇಕು. ಅದು ಕಂಡರೆ ನಿಮ್ಮ ತಮ್ಮ ಪಾಠ ಶುರು ಮಾಡಬಹುದು.